ಡ್ರೈವರ್ ಕೈ ನಂಬದ ಮೇಸ್ತ್ರಿ

ಮೇಸ್ತ್ರಿ ಸತ್ತ ಸುದ್ದಿ ಬಂದಾಗ ನಾನು ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಯಜಮಾನರು ಫೋನನ್ನು ಕಿವಿಯಿಂದ ಇಳಿಸಿ, "ಮೇಸ್ತ್ರಿ ಹೋಗ್ಬಿಟ್ನಂತೆ ಕಣೇ" ಅಂದರು. ನಾನು ಕೈ ನಿಲ್ಲಿಸಲಿಲ್ಲ. ವಯಸ್ಸಾಗಿತ್ತು, ಎದೆ ಕೆಟ್ಟಿತ್ತು, ಹೋದ. ಯಜಮಾನರು ಮಾತ್ರ ಚಪ್ಪಲಿ ಮೆಟ್ಟಿಕೊಂಡು ಕೊಟ್ಟಿಗೆ ಪಕ್ಕ ನಿಂತಿದ್ದ ಲಾರಿಯ ಹತ್ತಿರ ಹೋಗಿ, ಅದರ ಬಾನೆಟ್ಟಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. ಅವರ ತಲೆಯಲ್ಲಿ ಏನು ಓಡುತ್ತಿತ್ತು ಅಂತ ನನಗೆ ಗೊತ್ತಿತ್ತು. ಅವರು ಇನ್ನೂ ಲಾರಿ ಓಡಿಸಬಹುದೋ ಬಾರದೋ ಅಂತ ವರ್ಷಕ್ಕೊಮ್ಮೆ ಬಂದು ನೋಡುತ್ತಿದ್ದವನು ಆ ಮೇಸ್ತ್ರಿ. ಈಗ ಅವನಿಲ್ಲ. ಲಾರಿ ಇದೆ, ಯಜಮಾನರಿದ್ದಾರೆ.

ಸತ್ತವರನ್ನೆಲ್ಲ ದೇವರಂಥವರು ಅನ್ನುವ ಅಭ್ಯಾಸ ನನಗಿಲ್ಲ. ಮೇಸ್ತ್ರಿ ಸಿಡುಕ. ಗಿರಾಕಿ ಬಂದರೆ "ಬನ್ನಿ" ಅನ್ನುತ್ತಿರಲಿಲ್ಲ. ಮಗುಚಿ ಹಾಕಿದ ಆಯಿಲ್ ಡಬ್ಬದ ಮೇಲೆ ಕೂತುಕೊಂಡೇ ಬಂದ ಗಾಡಿಯ ಮುಂದಿನ ಚಕ್ರ ನೋಡುತ್ತಿದ್ದ, ಬಂದವರ ಮುಖ ಆಮೇಲೆ. ಅರಿಶಿನಕುಂಟೆಯ ಹತ್ತಿರ ದೊಡ್ಡ ರಸ್ತೆಯ ಪಕ್ಕ ಅವನ ಶೆಡ್ಡು. ಮೊದಲು ಅಲ್ಲೊಂದು ಹುಣಸೆಮರವಿತ್ತು. ರಸ್ತೆ ಅಗಲವಾದಾಗ ಮರವೂ ಹೋಯಿತು, ಶೆಡ್ಡೂ ಹಿಂದಕ್ಕೆ ಸರಿಯಿತು. ಆದರೂ ಲಾರಿಯವರ ಬಾಯಲ್ಲಿ ಅದು ಹುಣಸೆಮರದ ಶೆಡ್ಡೇ.

ಎದುರಿಗೆ ಸಿಕ್ಕಿದ್ದರ ಮೇಲೆಲ್ಲ ಅಂಗೈ ಇಡುವುದು ಅವನ ಚಾಳಿ. ನಮ್ಮ ಮನೆಗೆ ಬಂದರೆ ಕಂಬದ ಮೇಲೆ, ಬಾಗಿಲ ಚೌಕಟ್ಟಿನ ಮೇಲೆ, ಒಮ್ಮೆ ಎಮ್ಮೆಯ ಬೆನ್ನಿನ ಮೇಲೂ ಇಟ್ಟ. "ಅದಕ್ಕೇನಾಗಿದೆ ಅಂತ ನೋಡ್ತೀಯೋ?" ಅಂದೆ. "ಇಲ್ಲಕ್ಕ, ಇದು ಸುಮ್ನಿದೆ" ಅಂದ. ಅವನ ಬಾಯಲ್ಲಿ ಅದೇ ದೊಡ್ಡ ಹೊಗಳಿಕೆ. ಗಾಡಿ ರಿಪೇರಿಯಾಯಿತು ಅಂತ ಅವನು ಯಾವತ್ತೂ ಹೇಳಿದವನಲ್ಲ. ಕೈ ಒರೆಸಿಕೊಳ್ಳುತ್ತಾ "ಸದ್ಯಕ್ಕೆ ಸುಮ್ನಿದೆ" ಅನ್ನುತ್ತಿದ್ದ, ಅಷ್ಟೆ.

ನಮ್ಮ ಲಾರಿ ನಮ್ಮ ಮಗನಿಗಿಂತ ಹಳೆಯದು. ತ್ಯಾಮಗೊಂಡ್ಲು ಕಡೆಯ ತೋಟಗಳಿಂದ ಎಳನೀರು, ತೆಂಗಿನಕಾಯಿ ತುಂಬಿಕೊಂಡು ಸಿಟಿಗೆ ಹೋಗಿ ಬರುವುದು ಯಜಮಾನರ ಕೆಲಸ. ಬೇರೆ ಕೆಲಸ ಅವರ ಕೈಗೆ ಹತ್ತಲಿಲ್ಲ. ಗುದ್ದಲಿ ಕೊಟ್ಟರೆ ಪಾತಿ ಕೆಡಿಸುತ್ತಾರೆ, ಹಾಲು ಕರೆಯಲು ಕೂತರೆ ಹಸು ಒದೆಯುತ್ತದೆ. ಸ್ಟೇರಿಂಗ್ ಹಿಡಿದರೆ ಮಾತ್ರ ಮನುಷ್ಯ.

ಆ ಸ್ಟೇರಿಂಗೇ ಸಡಿಲವಾಯಿತು. ಒಂದೇ ದಿನಕ್ಕೆ ಆದದ್ದಲ್ಲ. ನಿಧಾನವಾಗಿ ಆಯಿತು, ಅದಕ್ಕೇ ಅವರಿಗೆ ಗೊತ್ತಾಗಲಿಲ್ಲ. ತಂಗಿಯ ಮನೆಗೆ ಹೋಗಲು ನಾನು ಲಾರಿ ಹತ್ತಿದ ದಿನ ನೋಡಿದೆ. ರಸ್ತೆ ನೆಟ್ಟಗಿದೆ, ಇವರ ಕೈ ಮಾತ್ರ ಎಡಕ್ಕೂ ಬಲಕ್ಕೂ ಆಡುತ್ತಲೇ ಇದೆ.

"ಏನ್ರೀ ಅದು, ರಾಗಿ ಕೇರ್ತಾ ಇದೀರಾ?"

"ಹಳೇ ಗಾಡಿ ಕಣೇ, ಹಂಗೇ ಇರೋದು. ಒಂದು ಗೇಣು ತಿರುಗಿಸಿದ ಮೇಲೆ ಚಕ್ರಕ್ಕೆ ಗೊತ್ತಾಗೋದು. ನನ್ ಕೈಗೆ ಅಭ್ಯಾಸ ಆಗ್ಬಿಟ್ಟಿದೆ, ಬಿಡು."

ನಾನು ಬಿಡಲಿಲ್ಲ. ನನ್ನ ಬಾಯಿ ತಾಳಲಾರದೆ ಅವರು ಯಾವುದೋ ಗ್ಯಾರೇಜಿಗೆ ಹೋಗಿ, ಸ್ಟೇರಿಂಗ್ ಬಾಕ್ಸಿನ ಮೇಲಿರುವ ಸ್ಕ್ರೂ ಬಿಗಿ ಮಾಡಿಸಿಕೊಂಡು ಬಂದರು. ಮುಖವೆಲ್ಲ ಹಲ್ಲು. "ಹೊಸಾ ಗಾಡಿ ಆಗೋಯ್ತು ನೋಡು!" ಮುಂದಿನ ಸಲ ಹತ್ತಿದೆ. ನೆಟ್ಟನೆಯ ರಸ್ತೆಯಲ್ಲಿ ನಿಜಕ್ಕೂ ಚೆನ್ನಾಗಿಯೇ ಹೋಯಿತು. ಊರಾಚೆಯ ಅರಳಿಮರದ ತಿರುವು ಬಂತು. ತಿರುಗಿಸಿದರು, ತಿರುಗಿತು, ವಾಪಸ್ಸು ಬರಲಿಲ್ಲ. ಹಿಡಿದುಕೊಂಡುಬಿಟ್ಟಿತು. ಇವರು ಎದ್ದು ನಿಂತು ಮೈಭಾರವೆಲ್ಲ ಬಿಟ್ಟು ಎಳೆಯುವಷ್ಟರಲ್ಲಿ ಲಾರಿ ಯಾರದೋ ತೋಟದ ಕಳ್ಳಿಬೇಲಿಯೊಳಗೆ ಮೂತಿ ತೂರಿಸಿ ನಿಂತಿತ್ತು. ಯಾರಿಗೂ ಏನೂ ಆಗಲಿಲ್ಲ. ನಾನು ಕೆಳಗಿಳಿದು ಸೀರೆಗೆ ಅಂಟಿದ ಮುಳ್ಳು ಕಿತ್ತುಕೊಳ್ಳುತ್ತಾ ಹೇಳಿದೆ, "ಸರಿಯಾದ ಮೇಸ್ತ್ರಿ ಹತ್ರ ಹೋಗಿ. ಇಲ್ಲಾಂದ್ರೆ ಇದನ್ನ ಗುಜರಿಗೆ ಹಾಕಿ."

ಹಾಗೆ ಹೋದದ್ದು ಹುಣಸೆಮರದ ಶೆಡ್ಡಿಗೆ. ನಾನೂ ಹೋದೆ. ಇವರು ಮತ್ತೆ ಹಲ್ಲು ಕಿರಿದುಕೊಂಡು ಬಂದರೆ ಅಂತ.

ಮೇಸ್ತ್ರಿ ಡಬ್ಬದ ಮೇಲಿಂದ ಎದ್ದು, ಇಂಜಿನ್ ನಿಲ್ಲಿಸಲು ಹೇಳಿ, ಗೋಣಿಚೀಲ ಹಾಸಿ ಲಾರಿಯ ಕೆಳಗೆ ನುಗ್ಗಿದ. ಜಾಕಿ ಹಾಕಲಿಲ್ಲ. ಚಕ್ರಗಳು ನೆಲದ ಮೇಲೇ ಭಾರ ಹೊತ್ತು ನಿಂತಿರಬೇಕಂತೆ. ಯಜಮಾನರು ಸೀಟಿನಲ್ಲಿ ಕೂತು ಸ್ಟೇರಿಂಗ್ ಆಡಿಸಿದರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ದನಿ ಬಂತು.

"ಇಳೀರಿ ಗೌಡ್ರೇ."

"ಯಾಕಯ್ಯಾ?"

"ನಿಮ್ ಕೈ ಸುಳ್ಳೇಳ್ತಾ ಇದೆ."

ಯಜಮಾನರ ಕಿವಿ ಕೆಂಪಾಯಿತು. "ಏನಂದೆ?"

"ನಿಮ್ದೊಂದೇ ಅಲ್ಲ. ಡ್ರೈವರ್ ಕೈ ಎಲ್ಲಾ ಅಷ್ಟೇ. ಎಲ್ಲಿ ಸವೆದಿರುತ್ತೋ ಅಲ್ಲಿ ಗೊತ್ತಾಗ್ದಂಗೆ ಹಾರಿಸ್ಕೊಂಡು ಹೋಗ್ಬಿಡುತ್ತೆ. ಗಾಡಿ ಓಡ್ಸಕ್ಕೆ ಬರ್ದೇ ಇರೋ ಕೈ ಬೇಕು. ಅಕ್ಕಾ, ನಿಮಗೆ ಬರುತ್ತಾ?"

"ಎತ್ತಿನ ಗಾಡಿ ಬರುತ್ತೆ."

"ಹಂಗಾದ್ರೆ ಹತ್ತಿ."

ಹತ್ತಿದೆ. ಅಷ್ಟು ವರ್ಷ ಆ ಲಾರಿಯಲ್ಲಿ ತಿರುಗಾಡಿದ್ದೆ, ಆ ಕಡೆಯ ಸೀಟಿನಲ್ಲಿ ಕೂತಿರಲಿಲ್ಲ. "ಮಜ್ಜಿಗೆ ಕಡೀತೀರಲ್ಲ, ಹಂಗೆ" ಅಂತ ಕೆಳಗಿನಿಂದ ಹೇಳಿಕೊಟ್ಟ. "ಆ ಕಡೆ, ಈ ಕಡೆ. ಚಕ್ರ ಅಲ್ಲಾಡೋಕ್ಕೆ ಮುಂಚೇನೇ ವಾಪಸ್ ಬಂದ್ಬಿಡ್ಬೇಕು."

"ಮಿಕ್ಸಿ ಬಂದು ಕಾಲ ಆಯ್ತಪ್ಪಾ ನಮ್ಮನೇಲಿ."

"ಕೈ ಮರೆತಿರಲ್ಲ, ಆಡ್ಸಿ."

ನಿಜ, ಮರೆತಿರಲಿಲ್ಲ. ನಾನು ಆಡಿಸುತ್ತಾ ಹೋದೆ, ಅವನು ಕೆಳಗೆ ಒಂದೊಂದೇ ಕೀಲಿನ ಮೇಲೆ ಕೈಯಿಡುತ್ತಾ ಹೋದ. ಸ್ಟೇರಿಂಗಿನಿಂದ ಚಕ್ರದವರೆಗೆ ಒಂದು ಕಂಬಿ ಇನ್ನೊಂದನ್ನು ತಳ್ಳಬೇಕು, ಅದು ಮತ್ತೊಂದನ್ನು. ಎಲ್ಲಿಯ ಮಾತು ಎಲ್ಲಿಯವರೆಗೆ ಮುಟ್ಟುತ್ತದೆ, ಎಲ್ಲಿ ನಿಂತುಹೋಗುತ್ತದೆ ಅಂತ ನೋಡುವುದೇ ಅವನ ಕೆಲಸ. ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದ ಅಂತ ಆಮೇಲೆ ಯಜಮಾನರು ಹೇಳಿದರು. ಅವರನ್ನೂ ಕೆಳಗೆ ಕರೆದಿದ್ದ.

"ಬೆರಳಿಡಿ ಗೌಡ್ರೇ. ಒಂದು ಈ ಕಂಬಿ ಮೇಲೆ, ಒಂದು ಆ ಕಂಬಿ ಮೇಲೆ. ಎರಡೂ ಒಟ್ಟಿಗೆ ಹೋದ್ರೆ ಸರಿ. ಒಂದು ಮೊದ್ಲು, ಒಂದು ಆಮೇಲೆ ಹೋದ್ರೆ ಅಲ್ಲೇ ಇದಾನೆ ಕಳ್ಳ."

ಕಳ್ಳರು ಸಿಕ್ಕರು. ಕಂಬಿಯ ತುದಿಯಲ್ಲಿ ತಿರುಗುವ ಗುಂಡು ಸವೆದು ಗೋಲಿಯ ಹಾಗೆ ಗಡಗಡ ಅನ್ನುತ್ತಿತ್ತು. ಅದಕ್ಕಿಂತ ದೊಡ್ಡದು, ಬಾಕ್ಸನ್ನು ಲಾರಿಯ ಅಡಿಯ ಚಾಸಿಗೆ ಬಿಗಿದ ಬೋಲ್ಟುಗಳೇ ಸಡಿಲ. ನಾನು ಸ್ಟೇರಿಂಗ್ ಆಡಿಸಿದರೆ ಇಡೀ ಬಾಕ್ಸು ಕೂತಲ್ಲೇ ಮಿಸುಕುತ್ತಿತ್ತು. ಆ ಗ್ಯಾರೇಜಿನವನು ಇದೊಂದನ್ನೂ ಮುಟ್ಟಿರಲಿಲ್ಲ, ಸ್ಕ್ರೂ ಒಂದನ್ನೇ ತಿರುವಿ ಕಳಿಸಿದ್ದ.

"ಸ್ಕ್ರೂ ಬಿಗಿ ಮಾಡಿದ್ರೆ ತಪ್ಪೇನು?" ಅಂತ ಯಜಮಾನರು ವಾದಕ್ಕೆ ನಿಂತರು. ಮೇಸ್ತ್ರಿ ನನ್ನ ಕಡೆ ತಿರುಗಿ ಹೇಳಿದ, "ಅಕ್ಕಾ, ಒರಳುಕಲ್ಲು ಎಲ್ಲಿ ಸವೆಯುತ್ತೆ?"

"ನಡುವೆ."

"ಬಾಕ್ಸೂ ಅಷ್ಟೇ. ನೆಟ್ಟಗೆ ಹೋಗೋದೇ ಜಾಸ್ತಿ ಅಲ್ವಾ, ನಡುವೆ ಸವೆಯುತ್ತೆ, ಅಂಚು ಹಂಗೇ ಇರುತ್ತೆ. ನಡುವಿನ ಲೂಸಿಗೆ ಅಂತ ಬಿಗಿದ್ರೆ ತಿರುವಿನಾಗೆ ಅಂಚು ಬಂದು ಹಿಡ್ಕಂತದೆ. ಕಳ್ಳೀಬೇಲಿ ಆಗಿದ್ದಕ್ಕೆ ಸರಿಹೋಯ್ತು."

ಸಾಮಾನು ಸಿಟಿಯಿಂದ ಬರುವವರೆಗೆ ಲಾರಿ ಅಲ್ಲೇ ನಿಂತಿತು. ರಿಪೇರಿಯಾದ ದಿನ ಯಜಮಾನರು ನನ್ನನ್ನೂ ಕರೆದುಕೊಂಡು ಹೋದರು. ಮೇಸ್ತ್ರಿ "ಸದ್ಯಕ್ಕೆ ಸುಮ್ನಿದೆ" ಅಂದ. ಅಂದವನು ಬಾಗಿಲು ತೆಗೆದು ತಾನೂ ಹತ್ತಿ ನನ್ನ ಪಕ್ಕ ಕೂತ. "ನೀನ್ಯಾಕೆ?" ಅಂದರೆ "ನಡೀರಿ" ಅಂದ.

ಯಾಕೆ ಅಂತ ಶೆಡ್ಡು ದಾಟಿದ ಮೇಲೆ ಗೊತ್ತಾಯಿತು. ಲಾರಿ ಮೊದಲಿಗಿಂತ ಕೆಟ್ಟದಾಗಿ ಹೋಗುತ್ತಿತ್ತು. ಕುಡಿದವನ ಹಾಗೆ ಆ ಅಂಚಿಗೊಮ್ಮೆ, ಈ ಅಂಚಿಗೊಮ್ಮೆ. ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ಸೈಕಲ್ಲಿನವನು ಹಾರಿ ಚರಂಡಿಗೆ ಇಳಿದು, ನಮ್ಮ ವಂಶದವರನ್ನೆಲ್ಲ ನೆನೆಸಿಕೊಂಡ.

"ನಿಲ್ಸಿ" ಅಂದ ಮೇಸ್ತ್ರಿ.

"ಏನ್ ರಿಪೇರಿನಯ್ಯಾ ಇದು! ಮೊದ್ಲೇ ವಾಸಿ ಇತ್ತು!"

"ಗಾಡಿ ಸರಿ ಇದೆ ಗೌಡ್ರೇ. ನೀವು ಇಲ್ದಿರೋ ಲೂಸನ್ನ ಹುಡುಕ್ತಾ ಇದೀರ."

ನನಗೆ ಅದು ತಟ್ಟನೆ ಅರ್ಥವಾಯಿತು. ಅಷ್ಟು ದಿನ ಒಂದು ಗೇಣು ತಿರುಗಿಸಿದರೆ ಚಕ್ರ ತಿರುಗುತ್ತಿತ್ತು. ಈಗ ಬೆರಳಗಲ ಸಾಕು. ಕೈ ಇನ್ನೂ ಗೇಣೇ ತಿರುಗಿಸುತ್ತಿದೆ. ಯಜಮಾನರಿಗೂ ಅರ್ಥವಾಗಿರಬೇಕು, ಒಪ್ಪಿಕೊಳ್ಳಲಿಲ್ಲ. "ಇಷ್ಟು ವರ್ಷ ಲಾರಿ ಓಡ್ಸಿರೋನಿಗೆ ಓಡ್ಸೋದು ಹೇಳಿಕೊಡ್ತೀಯಾ?" ಅಂದರು.

"ಇಲ್ಲ. ನಿಮ್ಮೂರ ಕೆರೆ ಒಣಗಿದೆಯಾ?"

ಒಣಗಿತ್ತು. ನಮ್ಮೂರ ಕೆರೆಯಂಗಳ ಬೇಸಿಗೆಯಲ್ಲಿ ಹಿಟ್ಟಿನಂಥ ಮಣ್ಣು, ಕಾಗೆ ನಡೆದರೂ ಗುರುತು ಮೂಡುತ್ತದೆ. ಮೇಸ್ತ್ರಿ ನನ್ನನ್ನು ಏರಿಯ ಮೇಲೆ ನಿಲ್ಲಿಸಿದ. ಅವರಿಬ್ಬರೂ ಲಾರಿಯಲ್ಲಿ ಕೆಳಗಿಳಿದು ಈ ತುದಿಯಿಂದ ಆ ತುದಿಗೆ ಹೋದರು. ಲಾರಿ ನಿಂತ ಮೇಲೆ ಮೇಸ್ತ್ರಿ ಇಳಿದು ಅಲ್ಲಿಂದಲೇ ಕೂಗಿದ.

"ಅಕ್ಕಾ, ಸಾಲು ಹೆಂಗಿದೆ?"

ರಾಗಿ ಬಿತ್ತಿದವಳಿಗೆ ಸಾಲು ನೋಡಲು ಕಲಿಸಬೇಕಾಗಿಲ್ಲ. "ಎತ್ತು ನಡೀತಾ ಉಚ್ಚೆ ಹುಯ್ದಂಗಿದೆ!" ಅಂತ ನಾನೂ ಕೂಗಿದೆ.

ಏರಿಯ ಮೇಲೆ ಕುರಿ ಕಾಯುತ್ತಿದ್ದವರು ನಕ್ಕರು. ಯಜಮಾನರು ಅಷ್ಟು ದೂರದಿಂದ ನನ್ನನ್ನು ನೋಡಿದ ನೋಟಕ್ಕೆ ಬೇರೆ ಹೆಂಗಸಾಗಿದ್ದರೆ ಮಾತು ತಿರುಗಿಸುತ್ತಿದ್ದಳು. ಸಾಲು ಡೊಂಕಿದ್ದರೆ ಡೊಂಕೇ. ಮೇಸ್ತ್ರಿ ಅವರಿಗೆ ಒಂದು ಮಾತೂ ಹೇಳಿಕೊಡಲಿಲ್ಲ. ಹೀಗೆ ಹಿಡಿ, ಹಾಗೆ ತಿರುಗಿಸು, ಒಂದೂ ಇಲ್ಲ. ಇನ್ನೊಂದು ಸಲ ಅನ್ನುವುದು, ಹೋಗುವುದು, ನನ್ನನ್ನು ಕೇಳುವುದು. ಬಿಸಿಲು ಇಳಿಯುವ ಹೊತ್ತಿಗೆ ಅಂಗಳದ ತುಂಬ ಗೆರೆಗಳಾಗಿದ್ದವು. ಕೊನೆಯದು ಮಾತ್ರ ದಾರ ಹಿಡಿದು ಎಳೆದ ಹಾಗಿತ್ತು.

"ಇದು ಸಾಲು" ಅಂದೆ.

ಏರಿಯ ಬುಡಕ್ಕೆ ಬಂದ ಮೇಲೆ ಮೇಸ್ತ್ರಿ ಯಜಮಾನರಿಗೆ ಒಂದು ಮಾತು ಹೇಳಿದ. "ನೋಡಿ ಗೌಡ್ರೇ, ಗಾಡೀಲಿರೋ ಲೂಸು ನಾನು ತೆಗೀತೀನಿ. ವಯಸ್ಸಾದ ಮೇಲೆ ಮನುಷ್ಯನಲ್ಲೂ ಬರುತ್ತೆ, ಅದಕ್ಕೆ ಸಾಮಾನು ಸಿಗಲ್ಲ. ವರ್ಷಕ್ಕೊಂದ್ಸಲ ಇಲ್ಲಿಗೆ ಬರೋಣ. ಗಾಡಿ ಸುಮ್ನಿದ್ದೂ ಸಾಲು ಡೊಂಕಾದ ದಿನ ಕೀ ಇಳಿಸ್ಬಿಡ್ಬೇಕು. ಹೇಳೋದು ಅಕ್ಕ. ನಾನಲ್ಲ, ನೀವೂ ಅಲ್ಲ."

ಯಜಮಾನರು ಕೆರೆಯ ಕಡೆ ನೋಡುತ್ತಾ "ಹೂಂ" ಅಂದರು. ಆ ವಯಸ್ಸು ಬರುವುದು ಇನ್ನೂ ಬಹಳ ದೂರ ಅಂದುಕೊಂಡಿರಬೇಕು.

ಅಲ್ಲಿಂದಾಚೆ ಕೆರೆ ಒಣಗಿದಾಗಲೆಲ್ಲ ಅವನು ತನ್ನ ಮೊಪೆಡ್ಡಿನಲ್ಲಿ ಬರುತ್ತಿದ್ದ. ಅದರ ಹ್ಯಾಂಡಲ್ಲೇ ಡೊಂಕು. "ಊರೋರ ಸ್ಟೇರಿಂಗ್ ನೆಟ್ಟಗೆ ಮಾಡ್ತೀಯ, ನಿಂದು ನೋಡು" ಅಂತ ರೇಗಿಸಿದರೆ, "ಇದು ಎಷ್ಟು ಡೊಂಕು ಅಂತ ನನಗೆ ಗೊತ್ತಲ್ಲಕ್ಕ" ಅನ್ನುತ್ತಿದ್ದ. ಊಟಕ್ಕೆ ಕೂತರೆ ಮಾತಿಲ್ಲ. ಮುದ್ದೆ, ಬಸ್ಸಾರು, ಮತ್ತೊಂದು ಮುದ್ದೆ. ಚೆನ್ನಾಗಿದೆ ಅಂತಲೂ ಅನ್ನುವುದಿಲ್ಲ. ಎದ್ದು ಕೈ ತೊಳೆಯುವಾಗ ನಿಂಬೆಹಣ್ಣು ಕೇಳುತ್ತಿದ್ದ, ಉಗುರಿನ ಸಂದಿಯ ಗ್ರೀಸಿಗೆ. ಆಯುಧಪೂಜೆಯ ದಿನ ಚಕ್ರದ ಕೆಳಗಿಡಲು ಡ್ರೈವರುಗಳು ನಿಂಬೆಹಣ್ಣು ತಂದರೆ ಒಂದನ್ನು ಎತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದನಂತೆ. "ದೇವರ ಪಾಲಲ್ವೇನೋ?" ಅಂದರೆ, "ದೇವರಿಗೆ ಮೂರು ಚಕ್ರದ್ದು ಸಾಕು, ನಾಲ್ಕನೇದು ನಾನ್ ನೋಡ್ಕಂಡಿದೀನಿ" ಅನ್ನುತ್ತಿದ್ದನಂತೆ.

ಒಂದು ವರ್ಷ ಬೇಸಿಗೆಯಲ್ಲೂ ಕೆರೆಯಲ್ಲಿ ನೀರಿತ್ತು. ಯಜಮಾನರಿಗೆ ಖುಷಿ, ತಪ್ಪಿತು ಅಂತ. ಮೇಸ್ತ್ರಿ ಬಿಡಲಿಲ್ಲ. ಊರ ಪಕ್ಕ ಹೊಲಗಳನ್ನು ಸೈಟು ಮಾಡಿ, ಕಲ್ಲು ನೆಟ್ಟು, ಕೆಮ್ಮಣ್ಣು ಹಾಸಿದ ಖಾಲಿ ಲೇಔಟ್ ಒಂದಿತ್ತು. ಅಲ್ಲಿಗೇ ನುಗ್ಗಿಸಿದ. ವಾಚ್‌ಮನ್ ಕೋಲು ಹಿಡಿದು ಓಡಿಬಂದ. "ಯಾರ್ರೀ ನೀವು, ಸೈಟ್ ನೋಡಕ್ಕೆ ಬಂದ್ರಾ?" ಮೇಸ್ತ್ರಿ ಮುಖ ಅಲ್ಲಾಡಿಸದೆ, "ಹೌದಪ್ಪಾ, ಈ ಯಜಮಾನ್ರಿಗೆ ಲಾರಿ ನಿಲ್ಸೋಷ್ಟು ಅಗಲ ಬೇಕಂತೆ, ಅಳೀತಾ ಇದೀವಿ" ಅಂದ. ವಾಚ್‌ಮನ್ ಕೋಲು ಕೆಳಗಿಟ್ಟು ಕಾರ್ನರ್ ಸೈಟು ತೋರಿಸಲು ಮುಂದಾದ. ನಾನು ಸೆರಗು ಬಾಯಿಗಿಟ್ಟುಕೊಂಡೆ. ಆ ವರ್ಷವೂ ಸಾಲು ನೆಟ್ಟಗೇ ಇತ್ತು.

ಮೇಸ್ತ್ರಿ ಸತ್ತ ಮೇಲೆ ಹಾಲುತುಪ್ಪದ ಶಾಸ್ತ್ರದ ದಿನ ಅವನ ಮನೆಗೆ ಹೋಗಿದ್ದೆವು. ಅವನ ಹೆಂಡತಿ ಗಟ್ಟಿಗಿತ್ತಿ, ಅಳುತ್ತಾ ಕೂತಿರಲಿಲ್ಲ. ಆಸ್ಪತ್ರೆಯಲ್ಲಿ ಮಂಚ ಏರಿಸಿ ಇಳಿಸುವ ಹಿಡಿಕೆಯನ್ನು ನರ್ಸು ತಿರುಗಿಸಿದಾಗಲೆಲ್ಲ ಮೇಸ್ತ್ರಿ ಮಂಚದ ಪಕ್ಕಕ್ಕೆ ಕೈ ಇಳಿಬಿಟ್ಟು, "ತಡಿಯಮ್ಮಾ, ಇನ್ನೊಂದ್ಸಲ ಆಡ್ಸು" ಅನ್ನುತ್ತಿದ್ದನಂತೆ. ವಾಪಸ್ಸು ಬರುವಾಗ ಹೊಕ್ಕು ನೋಡಿದರೆ ಶೆಡ್ಡಿನಲ್ಲಿ ಆಯಿಲ್ ಡಬ್ಬ ಮಗುಚಿಯೇ ಇತ್ತು. ಯಜಮಾನರು ಅದರ ಮೇಲೆ ಕೂರಲು ಹೋಗಿ, ಕೂರದೆ ನಿಂತರು.

ಕೆರೆಯ ಒಂದು ಮೂಲೆ ಮೊನ್ನೆ ಮೊನ್ನೆ ಒಣಗಿತು. ನಾನು ಬಾಯಿ ಬಿಡಲಿಲ್ಲ. ಲಾರಿ ಮಾರಿಬಿಡಿ ಅಂತ ಮಗ ಹೇಳುತ್ತಲೇ ಇದ್ದಾನೆ. ಅವನು ನೆಲಮಂಗಲದ ಗೋಡೌನಿನಲ್ಲಿ ಶಿಫ್ಟಿನ ಕೆಲಸ ಮಾಡುತ್ತಾನೆ, ಲಾರಿ ಓಡಿಸಲೂ ಬರುತ್ತದೆ. ಒಂದು ಮಧ್ಯಾಹ್ನ ಯಜಮಾನರೇ ಉಂಡು ಎದ್ದು, ಗೋಣಿಚೀಲ ಹೆಗಲಿಗೆ ಹಾಕಿಕೊಂಡು, "ನಡಿ" ಅಂದರು.

ನಾನು ಏರಿಯ ಮೇಲೆ ನಿಂತೆ. ಅವರೊಬ್ಬರೇ ಕೆಳಗಿಳಿಸಿದರು. ಅರ್ಧದವರೆಗೆ ಸಾಲು ನೆಟ್ಟಗಿತ್ತು. ಆಮೇಲೆ ಎಡಕ್ಕೆ ವಾಲಿತು, ನಿಧಾನವಾಗಿ, ತೂಕಡಿಸಿದವರ ತಲೆ ವಾಲುವ ಹಾಗೆ. ಆ ತುದಿಯಲ್ಲಿ ತಿರುಗಿಸಿಕೊಂಡು ವಾಪಸ್ಸು ಬಂದರು. ಈ ಸಲ ಬಲಕ್ಕೆ ವಾಲಿತು. ಗಾಡಿಯ ತಪ್ಪಾದರೆ ಯಾವಾಗಲೂ ಒಂದೇ ಕಡೆಗೆ ಎಳೆಯುತ್ತದೆ ಅಂತ ಮೇಸ್ತ್ರಿ ಎಂದೋ ಹೇಳಿದ್ದು ನನಗೆ ನೆನಪಿತ್ತು. ಅವರಿಗೂ ನೆನಪಿದ್ದಿರಬೇಕು. ಲಾರಿ ನಿಲ್ಲಿಸಿ ಇಳಿದವರು ನನ್ನನ್ನು ಕೇಳಲಿಲ್ಲ. ಗೆರೆ ನೋಡಿದರು. ಟೈರುಗಳನ್ನು ಒಂದೊಂದಾಗಿ ಒದ್ದು ನೋಡಿದರು. ಆಮೇಲೆ ಕೂಗಿದರು.

"ಬಾ ಇಲ್ಲಿ. ಹತ್ತು."

ಏರಿಯಿಂದ ಇಳಿದು ಹೋದೆ. ಮಂಡಿ ನೋವಿನಲ್ಲಿ ಲಾರಿ ಹತ್ತುವುದೇ ಒಂದು ಪಾಡು. ಅವರು ಗೋಣಿಚೀಲ ಹಾಸಿ ಕೆಳಗೆ ನುಗ್ಗಿದರು. ನಾನು ಸ್ಟೇರಿಂಗ್ ಹಿಡಿದು ಆ ಕಡೆ, ಈ ಕಡೆ ಆಡಿಸಿದೆ. ಅವರ ಕೈ ಒಂದು ಕೀಲಿನಿಂದ ಇನ್ನೊಂದಕ್ಕೆ ಹೋಗುತ್ತಿರುವುದು ಅವರ ಉಸಿರಿನಲ್ಲೇ ತಿಳಿಯುತ್ತಿತ್ತು.

"ಇನ್ನೊಂದ್ಸಲ."

ಆಡಿಸಿದೆ.

"ನಿಧಾನಕ್ಕೆ. ಇನ್ನೊಂದ್ಸಲ."

ನನ್ನ ಕೈಯಲ್ಲಿ ಸ್ಟೇರಿಂಗ್ ಬೆರಳಗಲವೂ ಸುಮ್ಮನೆ ಆಡುತ್ತಿರಲಿಲ್ಲ. ಮುಟ್ಟಿದರೆ ಸಾಕು, ಚಕ್ರಕ್ಕೆ ಗೊತ್ತಾಗುತ್ತಿತ್ತು. ಕೆಳಗೆ ಅವರಿಗೂ ಅದೇ ಗೊತ್ತಾಗುತ್ತಿತ್ತು. ಆದರೂ ಮತ್ತೊಮ್ಮೆ ಮೊದಲಿನಿಂದ ಕೈಯಿಡುತ್ತಾ ಬಂದರು. ಆಡಿಸು ಅಂದಷ್ಟು ಸಲ ಆಡಿಸಿದೆ.

"ಸಾಕು" ಅಂದರು. ಆಮೇಲೆ ಲಾರಿಯ ಹೊಟ್ಟೆಯಿಂದ ದನಿ ಬಂತು.

"ಗಾಡಿ ಸುಮ್ನಿದೆ ಕಣೇ."

ಹೇಳಬೇಕಾದವಳು ನಾನು. ಅವರೇ ಹೇಳಿಬಿಟ್ಟರು. ನಾನು ಕೀ ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಅವರು ಹೊರಗೆ ಬಂದು, ಬೆನ್ನಿನ ಮಣ್ಣು ಒದರಿಕೊಂಡು, ನನ್ನ ಪಕ್ಕದ ಬಾಗಿಲ ಹತ್ತಿರ ನಿಂತರು. ಕೀ ಇರುವ ಜಾಗ ನೋಡಿದರು, ನನ್ನ ಸೆರಗು ನೋಡಿದರು. ಲಾರಿಯ ಮುಂದಿನಿಂದ ಸುತ್ತು ಹಾಕಿ ಹೋಗಿ ಆ ಕಡೆಯ ಬಾಗಿಲು ತೆಗೆದು, ಯಾವಾಗಲೂ ನಾನು ಕೂರುವ ಜಾಗದಲ್ಲಿ ಹತ್ತಿ ಕೂತರು.

"ಈಗ ಮನೆಗೆ ಹೆಂಗೆ?" ಅಂದೆ.

"ನೀನೇ ಓಡ್ಸು. ಎತ್ತಿನ ಗಾಡಿ ಬರುತ್ತೆ ಅಂತಿದ್ಯಲ್ಲ."

ಮಗನಿಗೆ ಫೋನ್ ಮಾಡಿ, ಅವನು ಶಿಫ್ಟು ಮುಗಿಸಿ ಬರುವವರೆಗೆ ಇಬ್ಬರೂ ಅಲ್ಲೇ ಕೂತಿದ್ದೆವು, ನಾನು ಸ್ಟೇರಿಂಗ್ ಹಿಡಿದುಕೊಂಡು.